ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ವಹಿ: ಜಾನಪದ ಆಕರವಾಗಿ ಅದರ ಓದು

ಕನ್ನಡ ಜಾನಪದ ಅಧ್ಯಯನವು ತನ್ನ ಆಕರಗಳನ್ನು ಆರಿಸಿಕೊಳ್ಳುವಾಗ ಬರಹದ ವಿಷಯದಲ್ಲಿ ಒಂದು ಬಗೆಯ ಮಡಿಯನ್ನು ಪಾಲಿಸಿಕೊಂಡು ಬಂದಿದೆ. ಹಾಡು, ಕಥೆ, ಗಾದೆ, ಒಗಟು, ಆಚರಣೆ ಇವು ನಮ್ಮವು. ಕಾಗದದ ಮೇಲೆ ಮೂಡಿದ್ದೆಲ್ಲ ಇತಿಹಾಸಕಾರರದು ಎಂಬ ಹಂಚಿಕೆಯನ್ನು ಯಾರೂ ಬರೆದಿಟ್ಟಿಲ್ಲವಾದರೂ ನಮ್ಮ ಬಹುಪಾಲು ಸಂಗ್ರಹಗಳು ಅದಕ್ಕೆ ಬದ್ಧವಾಗಿಯೇ ರೂಪುಗೊಂಡಿವೆ. ಕೈಫಿಯತ್ತುಗಳು ಪ್ರಕಟವಾದ ಮೇಲೆ ಈ ಗೆರೆ ಸ್ವಲ್ಪ ಮಾಸಿತು. ಊರಿನ ಬಾಯಿಮಾತು ಅಧಿಕಾರಿಯ ಲೇಖನಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ನೋಡುವ ಅವಕಾಶ ಒದಗಿತು. ಆದರೆ ಊರಿನೊಳಗೇ, ಊರಿನವರೇ, ದಿನವೂ ಬರೆಯುತ್ತಿದ್ದ ಒಂದು ಬರಹ ಎಲ್ಲರ ಕಣ್ಣಿನಿಂದಲೂ ತಪ್ಪಿಸಿಕೊಂಡಿದೆ. ಅದು ಕಿರಾಣಿ ಅಂಗಡಿಯ ಲೆಕ್ಕದ ವಹಿ. ಇತಿಹಾಸಕಾರನಿಗೆ ಅದು ತೀರ ಸಣ್ಣದು, ಅರ್ಥಶಾಸ್ತ್ರಜ್ಞನಿಗೆ ಅಪೂರ್ಣ, ಜಾನಪದ ವಿದ್ವಾಂಸನಿಗೆ ಬರಹವೆಂಬ ಕಾರಣಕ್ಕೇ ಅಸ್ಪೃಶ್ಯ. ಸೇರು, ಪಾವು, ಚಟಾಕುಗಳನ್ನು ನಾವು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟೆವು. ಅವುಗಳಲ್ಲಿ ಯಾರಿಗೆ, ಯಾವಾಗ, ಏನನ್ನು ಅಳೆದುಕೊಟ್ಟರು ಎಂದು ಬರೆದಿದ್ದ ಪುಸ್ತಕವನ್ನು ರದ್ದಿಗೆ ಹಾಕಿದೆವು.

ಪ್ರಸ್ತುತ ಲೇಖನವು ಅಂಥ ಒಂದು ಅಂಗಡಿಯ ವಹಿಗಳ ಓದನ್ನು ಆಧರಿಸಿದೆ. ಅಂಗಡಿಯ ವಹಿಯು ಇಬ್ಬರ ನಡುವೆ ನಡೆದ ಮಾತಿನ ಒಂದು ಕಡೆಯ ಬರಹ, ಇನ್ನೊಂದು ಕಡೆಯದು ಗಿರಾಕಿಯ ಮನೆಯ ನೆನಪಿನಲ್ಲಿದೆ, ಆ ನೆನಪನ್ನು ಪಕ್ಕದಲ್ಲಿಟ್ಟುಕೊಳ್ಳದೆ ವಹಿಯನ್ನು ಓದಲಾಗದು ಎಂಬುದು ಇಲ್ಲಿನ ವಾದ. ಇದನ್ನು ನಾನು ಸಿದ್ಧಾಂತದಿಂದ ಕಲಿತದ್ದಲ್ಲ. ಇದೇ ವಹಿಗಳನ್ನು ತಪ್ಪಾಗಿ ಓದಿ, ಆ ತಪ್ಪನ್ನು ಒಂದು ವಿಚಾರಸಂಕಿರಣದಲ್ಲಿ ಮಂಡಿಸಿ, ಆಮೇಲೆ ಕಲಿತದ್ದು.

ಅಂಗಡಿ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಕಾರಣ ಮುಂದೆ ಸ್ಪಷ್ಟವಾಗುತ್ತದೆ. ಮೂರು ತಲೆಮಾರು ಒಂದೇ ಮನೆಯವರು ನಡೆಸಿದ ಅಂಗಡಿ. ಉಳಿದಿರುವ ವಹಿಗಳು 1950ರ ದಶಕದ ನಡುವಿನಿಂದ 1980ರ ದಶಕದವರೆಗಿನವು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಗೆರೆ ಹೊಡೆಯುವ ಬದಲು ಹಾಳೆಯನ್ನೇ ಮಡಚಿ ಮೂಡಿಸಿದ ಮನೆಗಳು. ದೀಪಾವಳಿಯ ಪಾಡ್ಯದಂದು ಹೊಸ ವಹಿಗೆ ಪೂಜೆ. ಮೊದಲ ಪುಟದಲ್ಲಿ ಶ್ರೀಕಾರ, ಅರಿಸಿನ ಕುಂಕುಮದ ಕಲೆ. ಕಚ್ಚಾ ವಹಿಯಲ್ಲಿ ಆ ಹೊತ್ತಿನ ಬರಹ, ರಾತ್ರಿ ಅದರಿಂದ ರೋಜಕೀರ್ದಿಗೆ, ಅಲ್ಲಿಂದ ಗಿರಾಕಿಯ ಖಾತೆಗೆ. ಪ್ರತಿದಿನದ ಕೊನೆಗೆ ಶಿಲ್ಕು. ಇದಿಷ್ಟು ಮುಂಬಯಿ ಸೀಮೆಯ ವ್ಯಾಪಾರಿಗಳಲ್ಲಿ ಸಾಮಾನ್ಯವಾಗಿದ್ದ ಪದ್ಧತಿಯೇ.

ಪುಟ ತೆರೆದ ಸಂಶೋಧಕನನ್ನು ಮೊದಲು ತಡೆಯುವುದು ಅಂಕಿಗಳು. ರೂಪಾಯಿಯ ಕಾಲು ಭಾಗಕ್ಕೆ ಒಂದು ನಿಲುವುಗೆರೆ, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು, ಆಣೆಗೆ ಅಡ್ಡಗೆರೆ. 1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯೇ ಪೈಸೆಯಾಯಿತು. 1962ರ ವೇಳೆಗೆ ತೂಕದಲ್ಲಿ ಸೇರು, ಮಣಗಳ ಜಾಗಕ್ಕೆ ಕಿಲೋ ಬಂದಿತು. ಈ ವಹಿಗಳಲ್ಲಿ ಮಾತ್ರ ನಿಲುವುಗೆರೆಗಳು ಆಮೇಲೂ ಹಲವು ವರ್ಷ ನಡೆದಿವೆ. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ ಸರಿಹೊಂದುತ್ತಿದ್ದುದರಿಂದ ಅದು ಸಾಧ್ಯವಾಯಿತು. ತೊಂದರೆ ಬಂದದ್ದು ಒಂದಾಣೆ, ಎರಡಾಣೆಗಳಲ್ಲಿ. ಮಾತಿನಲ್ಲಂತೂ ‘ನಾಲ್ಕಾಣೆ’ ಎಂಬುದು ಇಪ್ಪತ್ತೈದು ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಗುವವರೆಗೂ ಉಳಿದಿತ್ತು. ‘ಪಾವ ಕಿಲೋ’ ಎಂಬ ಮಾತು ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಒಂದೇ ಉಸಿರಿನಲ್ಲಿ ಇಂದಿಗೂ ಹೇಳುತ್ತಿದೆ.

ಎರಡನೆಯದು ಪದಗಳು. ಈ ವಹಿಗಳಲ್ಲಿ ಗಿರಾಕಿಯ ಹೆಸರಿನ ಮುಂದೆ ‘ಸಾಲ’ ಎಂಬ ಪದ ನನಗೆ ಕಾಣಲಿಲ್ಲ. ‘ಉದ್ರಿ’ ಇದೆ, ‘ಬಾಕಿ’ ಇದೆ, ಅಲ್ಲಲ್ಲಿ ‘ಕೈಗಡ’ ಇದೆ. ಇದು ಅಕಸ್ಮಾತ್ತಲ್ಲ. ಆ ಭಾಗದ ಆಡುಮಾತಿನಲ್ಲಿ ಸಾಲವೆಂದರೆ ಬಡ್ಡಿಗೆ ತಂದ ಹಣ, ಕಾಗದ ಬರೆದುಕೊಟ್ಟದ್ದು; ಕೈಗಡವೆಂದರೆ ಬಡ್ಡಿಯಿಲ್ಲದೆ ನಾಲ್ಕು ದಿನಕ್ಕೆ ಇಸಗೊಂಡದ್ದು; ಉದ್ರಿಯೆಂದರೆ ಸಾಮಾನು ಒಯ್ದು ಹಣ ಆಮೇಲೆ ಕೊಡುವುದು. ಉದ್ರಿ ಇಲ್ಲದ ಮನೆಯೇ ಇರಲಿಲ್ಲವಾದ್ದರಿಂದ ಅದು ನಾಚಿಕೆಯ ವಿಷಯವಾಗಿರಲಿಲ್ಲ. ಸಾಲಗಾರ ಎಂಬುದು ಬೈಗುಳಕ್ಕೆ ಹತ್ತಿರದ ಮಾತು, ಉದ್ರಿ ಗಿರಾಕಿ ಎಂಬುದು ಹಾಗಲ್ಲ. ನಿಘಂಟಿನಲ್ಲಿ ಈ ಮೂರೂ ಪದಗಳ ಅರ್ಥ ಒಂದರ ಮೇಲೊಂದು ಬೀಳುತ್ತದೆ. ಬಳಕೆಯಲ್ಲಿ ಅವು ಮನುಷ್ಯರನ್ನು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸುತ್ತವೆ.

ಜಾನಪದ ಆಕರವಾಗಿ ಈ ವಹಿಯ ನಿಜವಾದ ಸಂಪತ್ತು ಅದರ ಪಂಚಾಂಗದಲ್ಲಿದೆ. ಗಿರಾಕಿಗಳ ಹೆಸರನ್ನು ಮುಚ್ಚಿ ಸಾಮಾನಿನ ಪಟ್ಟಿಯನ್ನಷ್ಟೇ ಓದುತ್ತ ಹೋದರೂ ಊರಿನ ವರ್ಷ ಕಣ್ಣಮುಂದೆ ತಿರುಗುತ್ತದೆ. ಕಾರಹುಣ್ಣಿವೆಯ ಹಿಂದಿನ ವಾರ ಎತ್ತಿನ ಕೋಡಿಗೆ ಬಣ್ಣ, ಹುರಿ, ಗೆಜ್ಜೆ. ನಾಗರ ಪಂಚಮಿ ಹತ್ತಿರ ಬಂದಂತೆ ಬೆಲ್ಲ, ಎಳ್ಳು, ಕೊಬ್ಬರಿ, ಪುಟಾಣಿ. ಬೆಲ್ಲವಂತೂ ವರ್ಷದ ಉಳಿದ ಯಾವ ತಿಂಗಳಲ್ಲೂ ಕಾಣದಷ್ಟು. ಹೆಣ್ಣುಮಕ್ಕಳು ತವರಿಗೆ ಬಂದಿದ್ದಾರೆ ಎಂಬುದನ್ನು ಈ ಪುಟಗಳು ಉಂಡಿಯ ಸಾಮಾನಿನ ಮೂಲಕ ಹೇಳುತ್ತವೆ. ಊರ ದೇವಿಯ ಜಾತ್ರೆ ಇದ್ದ ವರ್ಷ, ಇಲ್ಲದ ವರ್ಷ ಎಂಬುದನ್ನು ಕೇಳಿ ತಿಳಿಯಬೇಕಾಗಿಲ್ಲ. ಮೊಹರಂ ದಿನಗಳಲ್ಲಿ ಸಕ್ಕರೆ ಒಯ್ದವರ ಖಾತೆಗಳನ್ನು ನೋಡಿದರೆ ಹರಕೆ ಹೊತ್ತವರು ಮುಸ್ಲಿಮರಷ್ಟೇ ಅಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ಒಂದು ಮನೆಯ ಖಾತೆಯಲ್ಲಿ ಇದ್ದಕ್ಕಿದ್ದಂತೆ ಒಣಕೊಬ್ಬರಿ, ಉತ್ತತ್ತಿ, ಅಂಟು ಬಂದರೆ ಅಲ್ಲಿ ಬಾಣಂತಿ ಇದ್ದಾಳೆ. ಬಿಳಿ ಬಟ್ಟೆ, ವಿಭೂತಿ, ಊದಿನಕಡ್ಡಿ ಒಂದೇ ದಿನ ಒಟ್ಟಿಗೆ ಬಂದು, ಮುಂದೆ ಹಲವು ದಿನ ಆ ಖಾತೆಯಲ್ಲಿ ಏನೂ ಇಲ್ಲದಿದ್ದರೆ ಅಲ್ಲಿ ಸಾವಾಗಿದೆ. ನಮ್ಮ ಆಚರಣೆಗಳ ವಿವರಣೆಗಳು ಸಾಮಾನ್ಯವಾಗಿ ‘ಹೀಗೆ ಮಾಡುತ್ತಾರೆ’ ಎಂಬ ಕಾಲವಿಲ್ಲದ ಕ್ರಿಯಾಪದದಲ್ಲಿರುತ್ತವೆ. ವಹಿಯಲ್ಲಿ ಅದೇ ಆಚರಣೆಗೆ ತಾರೀಖು ಇದೆ, ತೂಕ ಇದೆ. ಬರದ ವರ್ಷದ ಪಂಚಮಿಗೆ ಒಂದು ಮನೆ ಎಷ್ಟು ಬೆಲ್ಲ ಒಯ್ದಿತು ಎಂಬುದೂ ಇದೆ.

ನಂಬಿಕೆಗಳ ಗುರುತೂ ಇಲ್ಲಿ ಸಿಗುತ್ತದೆ, ಸ್ವಲ್ಪ ಓರೆಯಾಗಿ. ಬೋಣಿಯಾಗದೆ ಉದ್ರಿ ಕೊಡಬಾರದೆಂಬ ಕಟ್ಟಳೆಯಿಂದಾಗಿ ಕಚ್ಚಾ ವಹಿಯ ದಿನದ ಮೊದಲ ಸಾಲು ಬಹುತೇಕ ನಗದಿನದೇ. ಮಂಗಳವಾರ, ಶುಕ್ರವಾರ ಮನೆಯಿಂದ ಹಣ ಹೊರಗೆ ಹಾಕಬಾರದೆಂಬ ನಂಬಿಕೆಗೆ ತಕ್ಕಂತೆ ಆ ದಿನಗಳ ಜಮಾ ಬದಿ ತೆಳ್ಳಗಿರುವಂತೆ ತೋರುತ್ತದೆ; ಸಂತೆಯ ದಿನ ಯಾವುದೆಂಬುದೂ ಇದರಲ್ಲಿ ಸೇರಿಕೊಂಡಿರುವುದರಿಂದ ಇದನ್ನು ಒತ್ತಿ ಹೇಳಲಾರೆ. ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ ಕೊಡಬಾರದೆಂಬುದು ಮಾತ್ರ ವಹಿಯಲ್ಲಿ ಕಾಣುವಂತಿಲ್ಲ, ಅಲ್ಲಿ ದಿನವಿದೆಯೇ ಹೊರತು ಹೊತ್ತಿಲ್ಲ. ಊರ ಬಸವಣ್ಣನ ಗುಡಿಗೂ ಒಂದು ಖಾತೆ ಇದೆ. ದೀಪದೆಣ್ಣೆ, ಕರ್ಪೂರ, ಊದಿನಕಡ್ಡಿ. ಬಾಕಿ ಉಳಿದರೆ ಅದನ್ನೂ ಮುಂದಿನ ವರ್ಷದ ವಹಿಗೆ ಎಳೆದಿದ್ದಾರೆ. ಧರ್ಮಾದಾಯದ ಖಾತೆ ಬೇರೆಯೇ ಇರುವಾಗ ದೇವರ ಬಾಕಿಯನ್ನು ಅದಕ್ಕೆ ಸೇರಿಸಿ ತೀರಿಸಿಬಿಡಬಹುದಿತ್ತು. ಹಾಗೆ ಮಾಡಿಲ್ಲ. ದೇವರೂ ಗಿರಾಕಿಯೇ.

ಅಂಗಡಿಯ ಹಲಗೆಯ ಮೇಲೆ ‘ಇಂದು ನಗದು ನಾಳೆ ಉದ್ರಿ’ ಎಂಬ ಬರಹ ಇತ್ತಂತೆ. ಇಂಥ ಫಲಕ ಇಲ್ಲದ ಅಂಗಡಿಯೇ ಅಪರೂಪ. ಇದನ್ನು ನಾವು ಬರಿಯ ವ್ಯಾಪಾರಿಯ ಜಾಣತನವೆಂದು ನಕ್ಕು ಬಿಡುತ್ತೇವೆ. ಆದರೆ ಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದು ಮಾರಿಯನ್ನೋ ದೆವ್ವವನ್ನೋ ಹಿಂದಕ್ಕೆ ಕಳಿಸುವ ನಮ್ಮ ಹಳ್ಳಿಗಳ ಪದ್ಧತಿಯ ಪಕ್ಕದಲ್ಲಿ ಇದನ್ನಿಟ್ಟರೆ ಎರಡರ ರಚನೆಯೂ ಒಂದೇ. ಬಂದವರಿಗೆ ಇಲ್ಲವೆನ್ನುವಂತಿಲ್ಲ, ಕೊಡುವಂತೆಯೂ ಇಲ್ಲ. ಬರಹವು ಎಂದೂ ಬಾರದ ನಾಳೆಯನ್ನು ಮುಂದೊಡ್ಡುತ್ತದೆ. ವಿಶೇಷವೆಂದರೆ ಫಲಕದ ಕೆಳಗೇ ಕುಳಿತು ದಿನವೂ ಉದ್ರಿ ಬರೆದ ವಹಿಗಳು ಇವು. ದೆವ್ವವು ಬರಹವನ್ನು ನಂಬುತ್ತದೆ, ಗಿರಾಕಿ ನಂಬುವುದಿಲ್ಲ ಎಂದು ಅಂಗಡಿಯ ಮನೆಯ ಹಿರಿಯರೊಬ್ಬರು ನಗುತ್ತ ಹೇಳಿದರು.

ಖಾತೆಗಳ ತಲೆಬರಹ ಹೆಸರುಗಳದೇ ಒಂದು ಅಧ್ಯಯನ. ಕೆಲವರು ಮನೆತನದ ಹೆಸರಿನಿಂದ, ಬಡಿಗೇರ, ಕುಂಬಾರ, ಹಡಪದ ಮುಂತಾದವರು ಕಸುಬಿನಿಂದ, ಕೆಲವರು ಓಣಿಯಿಂದ, ಇನ್ನು ಕೆಲವರು ಊರು ಕೊಟ್ಟ ಅಡ್ಡಹೆಸರಿನಿಂದ. ಈ ಅಡ್ಡಹೆಸರುಗಳಲ್ಲಿ ಎದುರಿಗೆ ಕರೆಯಲಾಗದವೂ ಇವೆ. ಕೆಳಜಾತಿಯವರ ಖಾತೆಗಳಲ್ಲಿ ಹೆಸರಿನ ಜೊತೆ ಜಾತಿ ತಪ್ಪದೆ ಇದೆ, ಮೇಲಿನವರಲ್ಲಿ ಹೆಸರಿನ ಜೊತೆ ಗೌರವವಾಚಕವಿದೆ. ಹೆಂಗಸರ ಹೆಸರಿನ ಖಾತೆಗಳು ಬೆರಳೆಣಿಕೆಯಷ್ಟು, ಅವೂ ವಿಧವೆಯರವು. ಆದರೆ ಅಂಗಡಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅವರು ಸಾಲಿನ ಕೊನೆಯಲ್ಲಿ ‘ಹಸ್ತೆ’ ಎಂಬ ಪದದ ಜೊತೆಗೆ ಬರುತ್ತಾರೆ: ಹಸ್ತೆ ಹೆಂಡತಿ, ಹಸ್ತೆ ಮಗ, ಹಸ್ತೆ ಆಳು. ಇನ್ನೊಂದು ವ್ಯವಹಾರವಂತೂ ವಹಿಗೆ ಬಂದೇ ಇಲ್ಲ. ಗಂಡಸರಿಗೆ ತಿಳಿಯದಂತೆ ಸೆರಗಿನಲ್ಲಿ ಕಾಳು ತಂದು, ಬದಲಿಗೆ ಸಾಮಾನು ಒಯ್ಯುತ್ತಿದ್ದ ಹೆಂಗಸರ ವ್ಯಾಪಾರ ಅದು. ಅದನ್ನು ಬರೆಯದಿರುವುದೇ ಅದರ ಷರತ್ತಾಗಿತ್ತು. ಬರೆದರೆ ತಿಂಗಳ ಕೊನೆಗೆ ಲೆಕ್ಕ ಓದುವಾಗ ಗಂಡನ ಮುಂದೆ ಬಯಲಾಗುತ್ತಿತ್ತು.

ಇಂಥ ವಹಿಗಳ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಓದುಗಳಿವೆ. ಒಂದು, ಹಳ್ಳಿಯ ನಂಬಿಕೆಯ ಕಾಲವನ್ನು ನೆನೆದು ಮರುಗುವ ಓದು: ಸಹಿ ಇಲ್ಲ, ಸಾಕ್ಷಿ ಇಲ್ಲ, ಆದರೂ ಕೊಟ್ಟರು, ತೀರಿಸಿದರು. ಎರಡನೆಯದು ಶೋಷಣೆಯ ಓದು: ಅಕ್ಷರ ಬಲ್ಲವನು ಬರೆದ, ಬಾರದವನು ಕೊಟ್ಟ. ಎರಡನೆಯದಕ್ಕೆ ಇತಿಹಾಸದ ಆಧಾರ ಗಟ್ಟಿಯಾಗಿದೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಶುರುವಾಗಿ ಅಂದಿನ ಅಹಮದನಗರ ಜಿಲ್ಲೆಗೂ ಹಬ್ಬಿದ ದಖ್ಖನ್ ದಂಗೆಯಲ್ಲಿ ರೈತರು ಸಾಹುಕಾರರ ಮೈಗಿಂತ ಹೆಚ್ಚಾಗಿ ಅವರ ಕಾಗದಪತ್ರಗಳಿಗೆ ಕೈಹಾಕಿದರು. ಸಾಲಪತ್ರಗಳು ಬೆಂಕಿಗೆ ಬಿದ್ದವು. ರಣಜಿತ್ ಗುಹ ಅವರು 1983ರ ತಮ್ಮ ರೈತಬಂಡಾಯದ ಅಧ್ಯಯನದಲ್ಲಿ ಇಂಥ ಕೃತ್ಯಗಳನ್ನು ಅಧಿಕಾರದ ಚಿಹ್ನೆಗಳ ಮೇಲಿನ ದಾಳಿಯೆಂದು ಓದಿದ್ದಾರೆ. ದಂಗೆಯ ಫಲವಾಗಿ 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ರೈತನಿಗೆ ರಸೀದಿ, ವರ್ಷದ ಲೆಕ್ಕಪಟ್ಟಿ, ಪಾಸ್‌ಬುಕ್ ಇವನ್ನು ಕೇಳಿ ಪಡೆಯುವ ಹಕ್ಕು ಕೊಟ್ಟಿತು. ಅಂದರೆ ಒಂದೇ ಕಡೆ ಇರುವ ಪುಸ್ತಕವು ಅರ್ಧ ಪುಸ್ತಕವೆಂದು ಕಾನೂನೇ ಒಪ್ಪಿಕೊಂಡಿತು. 1872ರ ಸಾಕ್ಷ್ಯ ಕಾಯಿದೆಯ 34ನೆಯ ಕಲಮು ಕೂಡ ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ಸಾಕ್ಷ್ಯವೆಂದು ತೆಗೆದುಕೊಂಡಿತೇ ಹೊರತು, ಅದೊಂದರ ಆಧಾರದ ಮೇಲೆಯೇ ಯಾರನ್ನೂ ಹೊಣೆ ಮಾಡಲು ಸಾಲದು ಎಂದಿತು. 2024ರ ಜುಲೈ 1ರಿಂದ ಆ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ತತ್ತ್ವ ಹಾಗೆಯೇ ಇದೆ. ನ್ಯಾಯಾಲಯ ಇಟ್ಟುಕೊಂಡ ಈ ಎಚ್ಚರವನ್ನು ನಾವು ಸಂಶೋಧಕರು ಇಟ್ಟುಕೊಂಡಿಲ್ಲ. ವಹಿಯಲ್ಲಿ ಸಿಕ್ಕಿತೆಂದರೆ ನಮಗೆ ದಾಖಲೆ ಸಿಕ್ಕಿತು.

ಬರಹದ ಈ ಹಟಮಾರಿತನ ಕಾಗದದ ಜೊತೆಗೆ ಬಂದದ್ದೆಂಬುದನ್ನೂ ಇಲ್ಲಿ ನೆನೆಯಬೇಕು. ಅದಕ್ಕೂ ಹಿಂದೆ ಕನ್ನಡ ನಾಡಿನ ವ್ಯಾಪಾರಿಗಳು, ಶಾನುಭೋಗರು ಬಳಸುತ್ತಿದ್ದುದು ಕಡತ: ಗಂಜಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಅಂಕಣ ಅಂಕಣವಾಗಿ ಮಡಚಿದ ಬಟ್ಟೆ, ಬರೆಯಲು ಬಳಪ. ಮಾರ್ಕ್ ವಿಲ್ಕ್ಸ್ ತಮ್ಮ ಮೈಸೂರು ಇತಿಹಾಸದಲ್ಲಿ ಇದನ್ನು ವರ್ಣಿಸುವಾಗ ಹಲಗೆಯ ಬರಹದಂತೆ ಇದನ್ನೂ ಒರೆಸಬಹುದೆಂಬುದನ್ನು ಗಮನಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಉಳಿದು ಬಂದದ್ದರಿಂದ ಕಡತವೆಂದರೆ ಉಳಿಯುವ ದಾಖಲೆ ಎಂದುಕೊಂಡಿದ್ದೇವೆ. ದಿನದ ವ್ಯಾಪಾರದ ಕಡತಕ್ಕೆ ಒರೆಸುವ ಸಾಧ್ಯತೆ ಬರೆಯುವ ಸಾಧ್ಯತೆಯಷ್ಟೇ ಸಹಜವಾಗಿತ್ತು. ಬಾಕಿ ತೀರಿದ ಮೇಲೆ ಬಟ್ಟೆಗೆ ಮತ್ತೆ ಮಸಿ ಬಳಿಯಬಹುದಿತ್ತು. ಕಾಗದದ ವಹಿ ತೀರಿದ ಬಾಕಿಯನ್ನೂ ಮರೆಯುವುದಿಲ್ಲ, ಅದರ ಮೇಲೆ ಒಂದು ಗೆರೆ ಎಳೆದು ಇಟ್ಟುಕೊಳ್ಳುತ್ತದೆ.

ನಾನು ತಪ್ಪಿದ್ದು ಅಂಥ ಒಂದು ಗೆರೆಯಲ್ಲಿ. 1960ರ ದಶಕದ ಒಂದು ವಹಿಯಲ್ಲಿ ಕೂಲಿಕಾರನೊಬ್ಬನ ಖಾತೆ ಇದೆ. ತೊಂಬತ್ತು ಚಿಲ್ಲರೆ ರೂಪಾಯಿ ಬಾಕಿ ಮೂರು ವರ್ಷ ವಹಿಯಿಂದ ವಹಿಗೆ ಎಳೆಯುತ್ತ ಬಂದಿದೆ. ಜಮಾ ಬದಿಯಲ್ಲಿ ಒಂದು ಪೈಸೆಯೂ ಇಲ್ಲ. ನಾಲ್ಕನೆಯ ವರ್ಷ ಖಾತೆಯ ಮೇಲೆ ಓರೆಗೆರೆ ಎಳೆದು ‘ಚುಕ್ತಾ’ ಎಂದು ಬರೆದಿದೆ. ಹಣ ಬಂದಿಲ್ಲ, ಕಾಳು ಬಂದಿಲ್ಲ, ಆದರೂ ಚುಕ್ತಾ. ಅಂಗಡಿಯವರು ಬಡವನ ಬಾಕಿಯನ್ನು ಬಿಟ್ಟುಬಿಟ್ಟರೆಂದು ನಾನು ಓದಿದೆ. ‘ಕೊಟ್ಟವ ಕೋಡಂಗಿ, ಇಸಗೊಂಡವ ವೀರಭದ್ರ’ ಎಂಬ ಗಾದೆಯನ್ನು ಇದರ ಪಕ್ಕದಲ್ಲಿಟ್ಟು, ಗಾದೆಯ ಜಗತ್ತು ಕೊಟ್ಟವನನ್ನು ಹಾಸ್ಯ ಮಾಡಿದರೆ ವಹಿಯ ಜಗತ್ತು ಅವನ ಔದಾರ್ಯವನ್ನು ಸದ್ದಿಲ್ಲದೆ ದಾಖಲಿಸುತ್ತದೆ ಎಂದು ಪ್ರಬಂಧ ಮಂಡಿಸಿದೆ. ಸಭೆಯಲ್ಲಿ ಮೆಚ್ಚುಗೆ ಬಂತು. ಅಂಗಡಿಯ ಮನೆಯವರಿಗೂ ಸಂತೋಷವಾಯಿತು. ಅದು ಅವರಿಗೂ ಗೊತ್ತಿರದ ಅಜ್ಜನ ಗುಣವಾಗಿತ್ತು.

ಎರಡು ವರ್ಷದ ಬಳಿಕ ಅದೇ ಊರಿನಲ್ಲಿ ಬೀಸುವ ಕಲ್ಲಿನ ಪದಗಳನ್ನು ಕೇಳಲು ಹೋದಾಗ ಎಪ್ಪತ್ತರ ಹತ್ತಿರದ ಹೆಣ್ಣುಮಗಳೊಬ್ಬರು ಮಾತಿನ ನಡುವೆ ತಮ್ಮ ತಂದೆಯ ಹೆಸರು ಹೇಳಿದರು. ಅದು ಆ ಖಾತೆಯ ಹೆಸರು. ಅಂಗಡಿಯವರು ನಿಮ್ಮ ತಂದೆಯ ಬಾಕಿ ಬಿಟ್ಟಿದ್ದರಲ್ಲವೇ ಎಂದು ನಾನು ಉತ್ಸಾಹದಿಂದ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. “ಅದು ಬಿಟ್ಟದ್ದಲ್ಲರಿ ಸರ. ನಮ್ಮವ್ವ ಮೂರು ವರ್ಷ ಅವರ ಮನ್ಯಾಗ ಕಾಳು ಹಸನ ಮಾಡಿ ಹರದಾಳ್ರಿ” ಎಂದರು. ಬೆಳಗಿನ ಜಾವ ಹೋಗಿ ಅಂಗಳ ಸಾರಿಸಿ, ಅಂಗಡಿಗೆ ಬಂದ ಕಾಳನ್ನು ಕೇರಿ, ಆರಿಸಿ, ಆಮೇಲೆ ಹೊಲದ ಕೂಲಿಗೆ ಹೋಗುತ್ತಿದ್ದರಂತೆ. ದಿನಕ್ಕಿಷ್ಟು ಎಂದು ಯಾರೂ ಗೊತ್ತು ಮಾಡಿರಲಿಲ್ಲ. ಒಂದು ದಿನ ಸಾಹುಕಾರರು ‘ಸಾಕಿನ್ನು’ ಎಂದರು, ತಾಯಿ ಹೋಗುವುದನ್ನು ಬಿಟ್ಟರು. ವಹಿಯ ಮೇಲಿನ ಓರೆಗೆರೆ ಆ ದಿನದ್ದಿರಬೇಕು.

ಇದು ಜೀತವೇ? 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ವ್ಯಾಖ್ಯೆಯ ಮುಂದಿಟ್ಟರೆ, ಮುಂಗಡದ ಋಣಕ್ಕಾಗಿ ಕೂಲಿಯಿಲ್ಲದೆ ದುಡಿಸಿಕೊಂಡದ್ದು ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಆ ಹೆಣ್ಣುಮಗಳು ಆ ಪದ ಬಳಸಲಿಲ್ಲ. ಅವರಿಗೆ ಮುಖ್ಯವಾದದ್ದು ತಮ್ಮ ತಾಯಿ ಬಾಕಿ ತೀರಿಸಿದ್ದಳು, ಯಾರ ಧರ್ಮಕ್ಕೂ ಬಿದ್ದಿರಲಿಲ್ಲ ಎಂಬುದು. ಅಂಗಡಿಯವರ ದಯೆಯನ್ನು ನಾನು ಕೊಂಡಾಡಿದ್ದರಲ್ಲಿ ಆ ಮನೆಯ ಮರ್ಯಾದೆ ಹೋಗಿತ್ತು. ಶೋಷಣೆಯ ಓದನ್ನು ಹಿಡಿದು ಹೊರಟಿದ್ದರೂ ಇದು ನನಗೆ ಸಿಗುತ್ತಿರಲಿಲ್ಲ, ಏಕೆಂದರೆ ವಹಿಯಲ್ಲಿ ಬಡ್ಡಿಯಿಲ್ಲ, ತಿದ್ದಿದ ಅಂಕಿಯಿಲ್ಲ, ಲೆಕ್ಕ ಶುದ್ಧವಾಗಿದೆ. ಶುದ್ಧವಾದ ಲೆಕ್ಕದೊಳಗೆ ದುಡಿಮೆಗೆ ಮನೆಯೇ ಇರಲಿಲ್ಲ.

ಜ್ಯಾಕ್ ಗೂಡಿ 1977ರ ತಮ್ಮ ಕೃತಿಯಲ್ಲಿ ಪಟ್ಟಿ, ಕೋಷ್ಟಕಗಳು ವಿಷಯವನ್ನು ಮಾತಿನ ಸಂದರ್ಭದಿಂದ ಬಿಡಿಸಿ ಬೇರೆಯ ಬಗೆಯ ಆಲೋಚನೆಯನ್ನು ಸಾಧ್ಯವಾಗಿಸುತ್ತವೆಂದು ವಾದಿಸಿದ್ದಾರೆ. ಕಚ್ಚಾ ವಹಿಯ ಮಟ್ಟಿಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ. ಅಲ್ಲಿನ ಸಾಮಾನುಗಳ ಕ್ರಮ ಗಿರಾಕಿ ಬಾಯಲ್ಲಿ ಕೇಳಿದ ಕ್ರಮವೇ. ಅಡಿಗೆಯ ಎಣ್ಣೆಯ ನಂತರ ಮರೆತು ನೆನಪಾದ ಬೆಂಕಿಪೆಟ್ಟಿಗೆ, ಕೊನೆಗೆ ಮಗುವಿನ ಹಟಕ್ಕೆ ಪೆಪ್ಪರಮೆಂಟು. ಮಾತು ಇನ್ನೂ ಬಿಸಿಯಾಗಿದೆ. ರಾತ್ರಿ ಅದು ಖಾತೆಗೆ ಏರುವಾಗ ಎಲ್ಲವೂ ‘ಸಾಮಾನು’ ಎಂಬ ಒಂದು ಪದವಾಗಿ, ಒಂದು ಮೊತ್ತವಾಗಿ ತಣ್ಣಗಾಗುತ್ತದೆ. ಗೂಡಿಯವರ ಮಾತು ಖಾತೆಗೆ ನಿಜ. ದುರದೃಷ್ಟವೆಂದರೆ ಮನೆಗಳಲ್ಲಿ ಪೂಜೆಗೊಂಡು ಉಳಿಯುವುದು ಖಾತೆ. ಕಚ್ಚಾ ವಹಿಯ ಹಾಳೆ ಅದೇ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಹೋಗುತ್ತದೆ.

ಅಂಗಡಿಯವರ ಕುರಿತು ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ವಹಿಗಳ ಕೊನೆಯ ಪುಟಗಳಲ್ಲಿ ಹುಬ್ಬಳ್ಳಿಯ ಸಗಟು ವ್ಯಾಪಾರಿಗಳಿಗೆ ಇವರು ಕೊಡಬೇಕಾದ ಬಾಕಿಗಳಿವೆ. ಮಳೆ ಕೈಕೊಟ್ಟ ವರ್ಷ ಊರಿನ ಬಾಕಿ ಏರಿದಂತೆ ಅಲ್ಲಿನದೂ ಏರಿದೆ. ಮೆಣಸಿನಕಾಯಿ, ಹತ್ತಿ ಪೇಟೆಗೆ ಹೋಗಿ ಹಣವಾಗುವವರೆಗೆ ಊರಿನವರು ಇವರ ಮುಖ ನೋಡಿದರೆ, ಇವರು ಹುಬ್ಬಳ್ಳಿಯವರ ಮುಖ ನೋಡಿದರು. ಅಲ್ಲಿನ ವಹಿಯಲ್ಲಿ ಇವರೂ ಒಬ್ಬ ಗಿರಾಕಿ, ಬಹುಶಃ ಊರಿನ ಹೆಸರಿನಿಂದಷ್ಟೇ ಗುರುತಾಗುವ ಗಿರಾಕಿ. ನನ್ನ ತಪ್ಪನ್ನು ತಿದ್ದಿಕೊಂಡು ಹೇಳಿದಾಗ ಅಂಗಡಿಯ ಈಗಿನ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಹಂಗ ಬರೀರಿ” ಎಂದರು. ವಹಿಗಳನ್ನು ಹಿಂದಕ್ಕೆ ಕೇಳಲಿಲ್ಲ.

ಈ ಆಕರಗಳು ಗ್ರಂಥಾಲಯಗಳಿಗೆ ಬರುವುದಾದರೆ ಕೆಲವು ವಿಷಯಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ವಹಿಯನ್ನು ಕೊಡುವ ಹಕ್ಕು ಅಂಗಡಿಯ ಮನೆಯವರದು. ಅದರೊಳಗಿನ ಹೆಸರುಗಳು ಅವರವಲ್ಲ. ಊರಿನಲ್ಲಿ ಇಂದಿಗೂ ಬದುಕಿರುವ ಮನೆಗಳ ಬಾಕಿಯನ್ನೂ ಅಡ್ಡಹೆಸರನ್ನೂ ಜಾತಿಯನ್ನೂ ಸೂಚಿಯಲ್ಲಿ ಅಚ್ಚು ಮಾಡುವುದು, ಡಿಜಿಟಲ್ ಪ್ರತಿಯಾಗಿ ಎಲ್ಲರಿಗೂ ತೆರೆದಿಡುವುದು ವಿದ್ವತ್ತಿನ ಕೆಲಸವೆನಿಸದು. ಪಕ್ಕಾ ವಹಿಯ ಜೊತೆ ಕಚ್ಚಾ ವಹಿ, ತಂತಿಗೆ ಚುಚ್ಚಿದ ಚೀಟಿಗಳು, ಗಿರಾಕಿಗಳ ಮನೆಯಲ್ಲಿ ಉಳಿದಿರಬಹುದಾದ ಸಣ್ಣ ಉದ್ರಿ ಪುಸ್ತಕಗಳು ಇವನ್ನೂ ಕೇಳಿ ತರಬೇಕು. 2016ರ ನಂತರ ಯುಪಿಐ ಬಂದು ಹಲವು ಊರುಗಳಲ್ಲಿ ನಗದಿನ ಬದಿ ಫೋನಿಗೆ ಹೋಗಿದೆ; ಉದ್ರಿ ಮಾತ್ರ ಈ ಅಂಗಡಿಯಲ್ಲಿ ಇನ್ನೂ ಪುಸ್ತಕದಲ್ಲೇ ಇದೆ, ಈಗ ಶಾಲೆಯ ಮಕ್ಕಳ ನೋಟುಬುಕ್ಕಿನಲ್ಲಿ. ಅದನ್ನು ಯಾರೂ ಪೂಜಿಸುವುದಿಲ್ಲ, ತೀರಿದ ಪುಟವನ್ನು ಹರಿದೆಸೆಯುತ್ತಾರೆ.

ನಾನು ಈಗ ಸಿದ್ಧಪಡಿಸುತ್ತಿರುವ ಸೂಚಿಯಲ್ಲಿ ಪ್ರತಿ ಖಾತೆಯ ಎದುರಿಗೆ ಒಂದು ಪುಟವನ್ನು ಖಾಲಿ ಬಿಟ್ಟಿದ್ದೇನೆ, ಆ ಮನೆಯವರು ಹೇಳುವುದನ್ನು ಬರೆಯಲು. ಇದುವರೆಗೆ ಹನ್ನೊಂದು ಪುಟಗಳು ತುಂಬಿವೆ. ಆ ಹೆಣ್ಣುಮಗಳಿಗೆ ಅವರ ತಂದೆಯ ಖಾತೆಯನ್ನು ತೋರಿಸಿದೆ. ಓದು ಬಾರದ ಅವರು ತಮ್ಮ ತಾಯಿಯ ಹೆಸರು ಎಲ್ಲಿದೆ ಎಂದು ಕೇಳಿದರು. ಹೆಸರಿಲ್ಲ, ‘ಹಸ್ತೆ ಹೆಂಡತಿ’ ಎಂದು ಹದಿನಾಲ್ಕು ಕಡೆ ಇದೆ ಎಂದೆ. ಹದಿನಾಲ್ಕನ್ನೂ ಒಂದೊಂದಾಗಿ ತೋರಿಸಲು ಹೇಳಿ, ಪ್ರತಿಯೊಂದರ ಮೇಲೂ ಬೆರಳಿಟ್ಟು ನೋಡಿದರು.